40 ಮಿ.ಮೀ. ತಗ್ಗಿಸಿದ ಸ್ವಿಫ್ಟ್: ಅಲೈನ್‌ಮೆಂಟ್ ಕಾಗದವೆಲ್ಲ ಹಸಿರು, ಟೈರಿನ ಒಳ ಅಂಚು ಮಾತ್ರ ಬೋಳು

ಸಪ್ತಾಪುರದವ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಮಾರುತಿ ಸ್ವಿಫ್ಟ್, 185/65 ಆರ್15 ಟೈರುಗಳೊಂದಿಗೆ ಬಂದ ಗಾಡಿ. ಕಳೆದ ದೀಪಾವಳಿಗೆ ಮೊದಲು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನಾಲ್ಕೂ ಕಡೆ 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್‌ಗಳನ್ನು ಹಾಕಿಸಿದೆ. ಅದೇ ದಿನ 16 ಇಂಚಿನ, 7 ಇಂಚು ಅಗಲದ, ಇಟಿ 38 ಎಂದು ಬರೆದಿರುವ ಅಲಾಯ್ ವೀಲ್‌ಗಳನ್ನೂ 195/55 ಆರ್16 ಟೈರುಗಳನ್ನೂ ಹಾಕಿಸಿ, ಸಂಜೆಯೇ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಿಕೊಂಡು ಮನೆಗೆ ಬಂದೆ. ಯಂತ್ರ ಕೊಟ್ಟ ಕಾಗದದಲ್ಲಿ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಅಂಕಿಗಳು ಹಸಿರಾಗಿದ್ದವು, ಅಂದರೆ ಮಿತಿಯೊಳಗಿದ್ದವು.

ಈಗ 7,000 ಕಿ.ಮೀ. ಆಗಿದೆ. ಮುಂದಿನ ಎರಡೂ ಟೈರುಗಳ ಹೊರ ಅಂಚಿನಲ್ಲಿ 5 ಮಿ.ಮೀ. ಗಿಂತ ಹೆಚ್ಚು ಹಲ್ಲು ಉಳಿದಿದೆ, ಆದರೆ ಒಳ ಅಂಚು ಅಂಗೈಯಂತೆ ನುಣ್ಣಗಾಗಿದೆ. ನಿಂತ ಗಾಡಿಯನ್ನು ಹೊರಗಿನಿಂದ ನೋಡಿದರೆ ಇದು ಕಾಣಿಸುವುದೇ ಇಲ್ಲ; ಪಂಕ್ಚರ್ ಹಾಕಿಸಲು ಚಕ್ರ ಬಿಚ್ಚಿದಾಗ ನನಗೆ ತಿಳಿಯಿತು. ಇದರ ಜೊತೆಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಡಗಡೆ ಏನೋ ಉಜ್ಜುವ ಸದ್ದು ಬರುತ್ತದೆ, 90ರ ವೇಗದ ಹತ್ತಿರ ಸ್ಟಿಯರಿಂಗ್ ನಡುಗುತ್ತದೆ. ಅಂಗಡಿಗೆ ಹೋಗಿ ಕೇಳಿದರೆ "ತಗ್ಗಿಸಿದ ಗಾಡಿ ಅಂದ್ರ ಕ್ಯಾಂಬರ್ ಇರೂದs ರೀ, ಟೈರ್ ತಿನ್ನೂದs" ಎಂದು ನಕ್ಕರು. ಕ್ಯಾಂಬರ್ ಎಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು. ತಗ್ಗಿಸಿದ ಗಾಡಿಯ ಹಣೆಬರಹವೇ ಹೀಗೆಯೇ, ಅಥವಾ ಎಲ್ಲಿಯೋ ಕೆಲಸ ತಪ್ಪಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಗೋಕುಲ ರಸ್ತೆ ಹಳಬ (ಹುಬ್ಬಳ್ಳಿ)

ಸರ್, ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಟೈರನ್ನು ಕ್ಯಾಂಬರ್ ತಿಂದಿತು ಎಂಬ ಮಾತನ್ನು ಅಷ್ಟು ಬೇಗ ನಂಬಬೇಡಿ. ಮೊದಲು ಒಂದು ಪರೀಕ್ಷೆ ಮಾಡಿ. ಟೈರಿನ ಮೈಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿ, ಬಳಿಕ ಒಳಗಿನಿಂದ ಹೊರಕ್ಕೆ ಸವರಿ. ಎರಡೂ ಕಡೆ ಒಂದೇ ಸಮನೆ ನುಣ್ಣಗಿದ್ದು ಒಳ ಅಂಚು ಮಾತ್ರ ಇಳಿಜಾರಾಗಿ ಸವೆದಿದ್ದರೆ ಅದು ಹೆಚ್ಚಾಗಿ ಕ್ಯಾಂಬರ್‌ನ ಕೆಲಸ. ಹೊರಗಿನಿಂದ ಒಳಕ್ಕೆ ಸವರುವಾಗ ಗರಗಸದ ಹಲ್ಲಿನಂತೆ ಬೆರಳಿಗೆ ತಾಗಿ, ಒಳಗಿನಿಂದ ಹೊರಕ್ಕೆ ಬರುವಾಗ ಜಾರಿಹೋದರೆ ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಂಡಿದೆ, ಅಂದರೆ ಟೋ-ಔಟ್ ಆಗಿದೆ ಎಂದು ಅರ್ಥ.

ಎರಡನೆಯ ಪ್ರಶ್ನೆ: ಸ್ಪ್ರಿಂಗ್ ಹಾಕುವಾಗ ಕೆಳಗಿನ ಆರ್ಮ್‌ನ (ಚಕ್ರವನ್ನು ಗಾಡಿಯ ಮೈಗೆ ಜೋಡಿಸುವ ಅಡ್ಡ ತೋಳಿನ) ಬುಶ್ ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿಯನ್ನು ನೆಲಕ್ಕೆ ಇಳಿಸಿದ ಮೇಲೆ ಮತ್ತೆ ಬಿಗಿದರೇ? ಈ ಬುಶ್‌ನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ; ಅದು ಬೇರಿಂಗ್‌ನಂತೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಹಳೆಯ ಎತ್ತರದಲ್ಲಿ ಬಿಗಿದದ್ದನ್ನು ಹಾಗೆಯೇ ಬಿಟ್ಟು 40 ಮಿ.ಮೀ. ತಗ್ಗಿಸಿದರೆ ಬುಶ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಗಾಡಿಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಕೆಲವು ನೂರು ಕಿ.ಮೀ. ಓಡಿದ ಮೇಲೆ ರಬ್ಬರು ಸೋಲುತ್ತದೆ, ಸ್ಪ್ರಿಂಗ್ ಕುಳಿತುಕೊಳ್ಳುತ್ತದೆ, ಎತ್ತರ ಇನ್ನಷ್ಟು ಇಳಿಯುತ್ತದೆ. ಎತ್ತರ ಇಳಿದರೆ ಟೋ ಬದಲಾಗುತ್ತದೆ. ಸ್ಪ್ರಿಂಗ್ ಹಾಕಿದ ಸಂಜೆಯೇ ಮಾಡಿಸಿದ ಅಲೈನ್‌ಮೆಂಟ್ ಆ ಸಂಜೆಯ ಗಾಡಿಗೆ ಸರಿಯಾಗಿತ್ತು, ಅಷ್ಟೆ. ತಿಂಗಳಾದ ಮೇಲೆ ಅದು ಬೇರೆಯೇ ಗಾಡಿ.

ನವನಗರ ಓದುಗ

ಹಳಬರು ಹೇಳಿದ್ದಕ್ಕೆ ಲೆಕ್ಕದ ಆಧಾರ ಕೊಡಲು ಪ್ರಯತ್ನಿಸುತ್ತೇನೆ. ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವನಾದ್ದರಿಂದ ಮಾತು ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಸ್ವಿಫ್ಟ್‌ನ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇದರಲ್ಲಿ ಮೇಲಿನ ಆರ್ಮ್ ಇಲ್ಲ. ಶಾಕ್ ಅಬ್ಸಾರ್ಬರೇ ಚಕ್ರದ ನಿಲುವನ್ನು ಹಿಡಿದಿಡುತ್ತದೆ. ಗಾಡಿ ಮೂಲ ಎತ್ತರದಲ್ಲಿರುವಾಗ ಕೆಳಗಿನ ಆರ್ಮ್‌ನ ಹೊರತುದಿ ಒಳತುದಿಗಿಂತ ಕೆಳಗಿರುತ್ತದೆ. ತಗ್ಗಿಸುತ್ತ ಹೋದಂತೆ ಆರ್ಮ್ ಮಟ್ಟಸವಾಗುತ್ತದೆ, ಅದರ ಹೊರತುದಿ ಸ್ವಲ್ಪ ಹೊರಕ್ಕೆ ಸರಿಯುತ್ತದೆ, ಹೀಗಾಗಿ ಚಕ್ರದ ಬುಡ ಹೊರಕ್ಕೆ ಹೋಗಿ ತಲೆ ಒಳಕ್ಕೆ ವಾಲಿದಂತಾಗುತ್ತದೆ. ಇದೇ ನೆಗೆಟಿವ್ ಕ್ಯಾಂಬರ್. ಆದರೆ ಈ ವಾಲುವಿಕೆ ಕೊನೆಯಿಲ್ಲದೆ ಹೆಚ್ಚುವುದಿಲ್ಲ. ಆರ್ಮ್ ಮತ್ತು ಸ್ಟ್ರಟ್ ನಡುವಿನ ಕೋನ ಒಂದು ಮಿತಿಯನ್ನು ದಾಟಿದ ಮೇಲೆ ಚಕ್ರ ಇನ್ನೂ ಮೇಲೇರಿದರೆ ಕ್ಯಾಂಬರ್ ತಿರುಗಿ ಪಾಸಿಟಿವ್ ಕಡೆಗೆ ನಡೆಯುತ್ತದೆ. ಆದ್ದರಿಂದ ಅತಿಯಾಗಿ ತಗ್ಗಿಸಿದ ಗಾಡಿ ತಿರುವಿನಲ್ಲಿ ವಾಲಿದಾಗ, ಹಿಡಿತ ಬೇಕಾದ ಹೊರಗಿನ ಚಕ್ರವೇ ನೆಲವನ್ನು ಸರಿಯಾಗಿ ಒತ್ತುವುದಿಲ್ಲ.

ಇನ್ನೊಂದು ಸಂಗತಿಯನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಆರ್ಮ್ ಮಟ್ಟಸವಾದಂತೆ ಗಾಡಿ ವಾಲುವ ಕೇಂದ್ರವೂ ಕೆಳಗಿಳಿಯುತ್ತದೆ, ಅದೂ ಗಾಡಿಯ ಗುರುತ್ವಕೇಂದ್ರ ಇಳಿದದ್ದಕ್ಕಿಂತ ಹೆಚ್ಚು. ಈ ಎರಡರ ನಡುವಿನ ಅಂತರ ಹೆಚ್ಚಿದರೆ ಗಾಡಿಯನ್ನು ವಾಲಿಸುವ ಸನ್ನೆಕೋಲು ಉದ್ದವಾದಂತೆ. ತಗ್ಗಿಸಿದ ಗಾಡಿ ಕಡಿಮೆ ವಾಲುತ್ತದೆ ಎಂದು ನಮಗೆ ಅನ್ನಿಸುವುದಕ್ಕೆ ಬಹುಪಾಲು ಕಾರಣ ಹೊಸ ಸ್ಪ್ರಿಂಗ್‌ನ ಗಡಸುತನವೇ ಹೊರತು ಬರೀ ತಗ್ಗು ಅಲ್ಲ.

ಈಗ ಟೈರಿನ ಸಾವಿಗೆ ಬರೋಣ. ಒಂದು ಡಿಗ್ರಿ ಕ್ಯಾಂಬರ್ ಎಂದರೆ ಸುಮಾರು 620 ಮಿ.ಮೀ. ಎತ್ತರದ ನಿಮ್ಮ ಚಕ್ರದ ತಲೆ ಬುಡಕ್ಕಿಂತ 11 ಮಿ.ಮೀ. ಒಳಗಿದೆ ಎಂದರ್ಥ. ಅಷ್ಟಕ್ಕೆ ಟೈರ್ 7,000 ಕಿ.ಮೀ. ಯಲ್ಲಿ ಬೋಳಾಗುವುದಿಲ್ಲ, ವಾಲಿದ ಚಕ್ರವೂ ಮುಂದಕ್ಕೇ ಉರುಳುತ್ತದೆ. ಟೋ ಹಾಗಲ್ಲ. ಸ್ಟಿಯರಿಂಗ್‌ನ ಟೈ ರಾಡ್ (ಚಕ್ರವನ್ನು ತಿರುಗಿಸುವ ಸರಳು) ಮತ್ತು ಕೆಳಗಿನ ಆರ್ಮ್ ಬೇರೆ ಬೇರೆ ಉದ್ದದವು, ಬೇರೆ ಬೇರೆ ಬಿಂದುಗಳಲ್ಲಿ ತಿರುಗುವಂಥವು. ಎತ್ತರ ಬದಲಾದಾಗ ಎರಡರ ತುದಿಗಳು ಒಂದೇ ದಾರಿಯಲ್ಲಿ ಚಲಿಸುವುದಿಲ್ಲವಾದ್ದರಿಂದ ಚಕ್ರ ತಾನಾಗಿಯೇ ಸ್ವಲ್ಪ ತಿರುಗಿಬಿಡುತ್ತದೆ. 16 ಇಂಚಿನ ರಿಮ್‌ನ ಅಳತೆಯಲ್ಲಿ ಒಂದೊಂದು ಚಕ್ರ 2 ಮಿ.ಮೀ. ಹೊರಕ್ಕೆ ತೆರೆದಿದೆ ಎನ್ನಿ. ಆ ಚಕ್ರ ಹೋಗಬಯಸುವ ದಿಕ್ಕಿಗೂ ಗಾಡಿ ಅದನ್ನು ಎಳೆದೊಯ್ಯುವ ದಿಕ್ಕಿಗೂ ಕಿ.ಮೀ. ಗೆ ಸುಮಾರು 5 ಮೀಟರ್ ವ್ಯತ್ಯಾಸ ಬೀಳುತ್ತದೆ. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿ.ಮೀ. ಎಂದರೆ, ಒಂದು ಸಲ ಹೋಗುವುದರಲ್ಲಿ 100 ಮೀಟರ್ ದೂರ ಟೈರನ್ನು ಅಡ್ಡಡ್ಡ ಡಾಂಬರಿಗೆ ಉಜ್ಜಿದ ಲೆಕ್ಕ. ನೆಗೆಟಿವ್ ಕ್ಯಾಂಬರ್ ಇದ್ದಾಗ ಆ ಉಜ್ಜುವಿಕೆಯೆಲ್ಲ ಒಳ ಅಂಚಿನ ಪಾಲಿಗೆ ಬರುತ್ತದೆ. ಕ್ಯಾಂಬರ್ ಎಲ್ಲಿ ಸವೆಯಬೇಕೆಂದು ತೋರಿಸಿತು, ಸವೆಸಿದ್ದು ಟೋ.

ಬೆಟಗೇರಿಯವ (ಗದಗ)

ಮಾಸ್ತರು ಹೇಳಿದ್ದು ಸರಿ, ಆದರೆ ಅವರ ಲೆಕ್ಕದ ರಸ್ತೆ ಮಟ್ಟಸವಾಗಿದೆ. ನಮ್ಮ ಕಡೆಯ ರಸ್ತೆ ಹಾಗಿಲ್ಲ. ಅಣ್ಣಿಗೇರಿ, ನವಲಗುಂದ, ಗದಗದ ಸುತ್ತಲಿನ ನೆಲವೆಲ್ಲ ಎರೆಮಣ್ಣು. ಮಳೆ ಬಿದ್ದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ, ಮೇಲಿನ ಡಾಂಬರು ಎಷ್ಟೇ ಚೆನ್ನಾಗಿದ್ದರೂ ಕೆಲವು ವರ್ಷಗಳಲ್ಲಿ ಅಲೆಯಂತಾಗುತ್ತದೆ. ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ಈ ಉದ್ದನೆಯ ಅಲೆ ಕಾಣುವುದಿಲ್ಲ. 80ರ ವೇಗದಲ್ಲಿ ಅದರ ಮೇಲೆ ಹೋದಾಗ ಗಾಡಿಯ ಮೂತಿ ಒಮ್ಮೆ ಪೂರ್ತಿ ಕೆಳಗೆ ಕೂರುತ್ತದೆ, ಇನ್ನೊಮ್ಮೆ ಎದ್ದು ನಿಲ್ಲುತ್ತದೆ. ಚಕ್ರ ಹೀಗೆ ಏರಿಳಿದಾಗಲೆಲ್ಲ ಟೋ ಬದಲಾಗುತ್ತಲೇ ಇರುವುದರಿಂದ, ತಗ್ಗಿಸಿದ ಗಾಡಿ ಸ್ಟಿಯರಿಂಗ್ ಮುಟ್ಟದಿದ್ದರೂ ಅತ್ತಿತ್ತ ಮೂಗು ಆಡಿಸುತ್ತದೆ.

ನನ್ನ ಹಳೆಯ ಗಾಡಿಯಲ್ಲಿ ಹಣ ಉಳಿಸಲು ಸ್ಪ್ರಿಂಗ್‌ನ ಒಂದೂವರೆ ಸುತ್ತು ಕತ್ತರಿಸಿದ್ದೆ. ಆ ದಡ್ಡತನವನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಡಸಾಗುತ್ತದೆ ಎಂಬುದು ನಿಜ, ಆದರೆ ಬೇಕಾದಷ್ಟು ಗಡಸಾಗುವುದಿಲ್ಲ, ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಶಾಕ್ ಅಬ್ಸಾರ್ಬರ್ ಹಳೆಯದೇ ಇದ್ದುದರಿಂದ ಗಾಡಿ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ಹೊಡೆತ ತಡೆಯುವ ತುಂಡು) ಮೇಲೆಯೇ ಬದುಕುತ್ತಿತ್ತು. ಜ್ಯಾಕ್ ಹಾಕಿ ಎತ್ತಿದರೆ ಸ್ಪ್ರಿಂಗ್ ತಟ್ಟೆಯಿಂದ ಬಿಟ್ಟು ಗಲಗಲ ಅನ್ನುತ್ತಿತ್ತು. ಎಂಟು ತಿಂಗಳಲ್ಲಿ ಎರಡು ಶಾಕ್ ಅಬ್ಸಾರ್ಬರ್‌ಗಳ ಎಣ್ಣೆ ಸೋರಿತು. ಸ್ಪ್ರಿಂಗನ್ನು ಗ್ಯಾಸ್ ದೀಪದಿಂದ ಕಾಯಿಸಿ ಕೂರಿಸುವವರೂ ಇದ್ದಾರೆ. ಅದರಿಂದ ಉಕ್ಕಿನ ಹದವೇ ಹೋಗುತ್ತದೆ, ಅಂಥವರ ಹತ್ತಿರ ಹೋಗಲೇಬೇಡಿ.

ಸಪ್ತಾಪುರದವರೇ, ನೀವು ಸ್ಪ್ರಿಂಗ್ ಜೊತೆ ಬಂಪ್ ಸ್ಟಾಪ್ ಬದಲಿಸಿದಿರಾ?

ಸಪ್ತಾಪುರದವ (ಧಾರವಾಡ)

ಎಲ್ಲರಿಗೂ ಧನ್ಯವಾದಗಳು. ಹಳಬರು ಹೇಳಿದಂತೆ ಇಂದು ಬೆಳಿಗ್ಗೆ ಕೈ ಸವರಿ ನೋಡಿದೆ. ಹೊರಗಿನಿಂದ ಒಳಕ್ಕೆ ಹೋಗುವಾಗ ಸ್ಪಷ್ಟವಾಗಿ ಹಲ್ಲು ತಾಗುತ್ತದೆ. ಬುಶ್ ಬೋಲ್ಟ್‌ಗಳ ಮೇಲೆ ಕಂಪನಿಯ ಕಾಲದ ಧೂಳು ಹಾಗೆಯೇ ಇದೆ, ಯಾರೂ ಪಾನಾ ಹಾಕಿದ ಗುರುತಿಲ್ಲ. ಬಂಪ್ ಸ್ಟಾಪ್ ಹಳೆಯದೇ. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪು ಹಿಡಿದು ಅಳೆದಾಗ ಮುಂದೆ ಎಡಕ್ಕಿಂತ ಬಲಗಡೆ 9 ಮಿ.ಮೀ. ಕಡಿಮೆ ಇದೆ. ಇದು ಗಾಡಿ ಖಾಲಿ ಇರುವಾಗಿನ ಅಳತೆ. ನಾನು ಕೂತರೆ ಇನ್ನೂ ಇಳಿಯಬಹುದು.

ಹಳೆಯ ಅಲೈನ್‌ಮೆಂಟ್ ಕಾಗದವನ್ನು ಹುಡುಕಿ ತೆಗೆದೆ. ಅದರಲ್ಲಿ ಟೋ ಮಾತ್ರ ಇದೆ. ಕ್ಯಾಂಬರ್‌ನ ಜಾಗದಲ್ಲಿ ಗೆರೆ ಎಳೆದಿದ್ದಾರೆ.

ಉಣಕಲ್ ದಂಡೆ

ಉಜ್ಜುವ ಸದ್ದು ಮತ್ತು ನಡುಕದ ಬಗ್ಗೆ ಯಾರೂ ಮಾತನಾಡಲಿಲ್ಲವಾದ್ದರಿಂದ ಅದನ್ನು ನಾನು ಎತ್ತಿಕೊಳ್ಳುತ್ತೇನೆ.

ಇಟಿ ಎಂದರೆ ಆಫ್‌ಸೆಟ್: ರಿಮ್‌ನ ಅಗಲದ ಸರಿ ಮಧ್ಯದ ಗೆರೆಗೂ, ಅದು ಹಬ್‌ಗೆ (ಗಾಡಿಯಲ್ಲಿ ಚಕ್ರವನ್ನು ಕೂರಿಸಿ ಬಿಗಿಯುವ ನಡುಭಾಗಕ್ಕೆ) ತಾಗುವ ಮುಖಕ್ಕೂ ಇರುವ ದೂರ, ಮಿಲಿಮೀಟರ್‌ಗಳಲ್ಲಿ. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ನಿಮ್ಮ ಮೂಲ ರಿಮ್‌ನ ಒಳಮೈಯಲ್ಲಿ ಅಚ್ಚಾದ ಅಂಕಿಗಳನ್ನು ನೀವೇ ಓದಬೇಕು; ಲೆಕ್ಕದ ದಾರಿ ತೋರಿಸಲು ಅದನ್ನು 5.5 ಇಂಚು ಅಗಲ, ಇಟಿ 45 ಎಂದು ಹಿಡಿಯುತ್ತೇನೆ. ಹೊಸದು 7 ಇಂಚು, ಇಟಿ 38. ಅಗಲ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಹೆಚ್ಚಿತು, ಅದರ ಅರ್ಧ 19 ಹೊರಕ್ಕೆ, 19 ಒಳಕ್ಕೆ. ಆಫ್‌ಸೆಟ್ 7 ಮಿ.ಮೀ. ಕಡಿಮೆಯಾದ್ದರಿಂದ ಇಡೀ ಚಕ್ರ 7 ಮಿ.ಮೀ. ಹೊರಕ್ಕೆ ಬಂತು. ಕೊನೆಗೆ ರಿಮ್‌ನ ಹೊರ ಅಂಚು 26 ಮಿ.ಮೀ. ಆಚೆ ಹೋಯಿತು, ಒಳ ಅಂಚು 12 ಮಿ.ಮೀ. ಸ್ಟ್ರಟ್‌ನ ಕಡೆಗೆ ಸರಿಯಿತು. ಚಕ್ರ 26 ಮಿ.ಮೀ. ಆಚೆ ನಿಂತು ತಿರುಗಿದಾಗ ಅದು ಬರೆಯುವ ವೃತ್ತವೂ ದೊಡ್ಡದಾಗುತ್ತದೆ. ನಿಮ್ಮ ಸದ್ದು ಬರುತ್ತಿರುವುದು ಫೆಂಡರ್ ಒಳಗಿನ ಪ್ಲಾಸ್ಟಿಕ್ ಹೊದಿಕೆಯಿಂದ ಎಂದು ನನ್ನ ಊಹೆ. ಅಲ್ಲಿ ಕರಿ ಹೊಳಪಿನ ಗುರುತು ಇದೆಯೇ ನೋಡಿ.

ಟೈರಿನ ಎತ್ತರದ ವಿಷಯದಲ್ಲಿ ಮಾತ್ರ ಅಂಗಡಿಯವರು ಸರಿಯಾಗಿ ಆರಿಸಿದ್ದಾರೆ. 185/65 ಆರ್15ರ ವ್ಯಾಸ 621.5 ಮಿ.ಮೀ., 195/55 ಆರ್16ರದು ಸುಮಾರು 621. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಇದೇ ಜಾಗದಲ್ಲಿ 205/50 ಆರ್16 ಹಾಕಿದ್ದರೆ ವ್ಯಾಸ 611ಕ್ಕೆ ಇಳಿದು, ತಗ್ಗಿಸಿದ ಗಾಡಿ ಮತ್ತೂ 5 ಮಿ.ಮೀ. ತಗ್ಗುತ್ತಿತ್ತು.

ಆಫ್‌ಸೆಟ್ ಇಳಿಸುವುದರಿಂದ ಇನ್ನೊಂದು ಬದಲಾವಣೆ ಆಗುತ್ತದೆ. ಸ್ಟಿಯರಿಂಗ್ ತಿರುಗುವ ಅಕ್ಷರೇಖೆ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ಹೆಜ್ಜೆಯ ನಡುವಿಗೂ ಇರುವ ಅಂತರವೇ ಬೇರೆಯಾಗುವುದರಿಂದ, ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದಾಗ ಅಥವಾ ಒಂದು ಚಕ್ರದ ಕೆಳಗೆ ಮಾತ್ರ ಮರಳಿದ್ದು ಬ್ರೇಕ್ ಹಾಕಿದಾಗ, ಸ್ಟಿಯರಿಂಗ್ ಕೈಯನ್ನು ಮೊದಲಿಗಿಂತ ಹೆಚ್ಚು ಎಳೆಯುತ್ತದೆ.

ನಡುಕ ಬೇರೆಯೇ ವಿಷಯ. ಸ್ವಿಫ್ಟ್‌ನ ಹಬ್ 54.1 ಮಿ.ಮೀ.; ಹೊರಗಿನ ಅಲಾಯ್‌ಗಳು ಹಲವು ಗಾಡಿಗಳಿಗೆ ಹೊಂದಲೆಂದು ದೊಡ್ಡ ನಡುರಂಧ್ರದೊಂದಿಗೆ ಬರುತ್ತವೆ. ಆ ಸಂದಿಯನ್ನು ತುಂಬುವ ಹಬ್ ರಿಂಗ್ ಇಲ್ಲದಿದ್ದರೆ ಚಕ್ರ ನಟ್‌ಗಳ ಆಸರೆಯಲ್ಲಿ ಮಾತ್ರ ನಡುವಿಗೆ ಬರಬೇಕು, ಕೂದಲೆಳೆಯಷ್ಟು ತಪ್ಪಿದರೂ ವೇಗದಲ್ಲಿ ನಡುಗುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಚಕ್ರವನ್ನು ಶಂಕುವಿನಿಂದ ನಡುವಿಗೆ ಹಿಡಿಯುವುದರಿಂದ ಅಲ್ಲಿ ಎಲ್ಲವೂ ಸೊನ್ನೆ ತೋರಿಸುತ್ತದೆ.

ಹೊಸ ಚಕ್ರ ಎಲ್ಲಿ ತಾಗುತ್ತದೆ ಎಂದು ತಿಳಿಯಲು ನಾನು ಹುಡುಗನಾಗಿದ್ದಾಗ ಕಲಿತ ಉಪಾಯವೊಂದಿದೆ. ಸ್ಟ್ರಟ್‌ನಿಂದ ಸ್ಪ್ರಿಂಗ್ ತೆಗೆದು, ಬಂಪ್ ಸ್ಟಾಪ್ ಮಾತ್ರ ಇಟ್ಟು ಮತ್ತೆ ಜೋಡಿಸಿ, ಚಕ್ರವನ್ನು ಜ್ಯಾಕ್‌ನಿಂದ ಮೇಲಕ್ಕೆ ಒತ್ತಿ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಬೇಕು. ಸಂದೇಹವಿದ್ದ ಕಡೆ ಹಸಿ ಜೇಡಿಮಣ್ಣಿನ ಉಂಡೆ ಅಂಟಿಸಿದರೆ ಎಷ್ಟು ಚಪ್ಪಟೆಯಾಯಿತು ಎಂಬುದೇ ಅಳತೆ. ನಾಗರಪಂಚಮಿಯ ಮಣ್ಣು ಮನೆಯಲ್ಲಿ ಉಳಿದಿದ್ದರೆ ಅದೂ ಆದೀತು.

ಹಾವೇರಿ ಪ್ರಯಾಣಿಕ

ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದೇ ಪ್ರಶ್ನೆ ಉಳಿಯುತ್ತದೆ: ಏಕೆ? ಕಂಪನಿ ಈ ಗಾಡಿಗೆ 163 ಮಿ.ಮೀ. ನೆಲದಂತರ ಕೊಟ್ಟಿದೆ. ಅದರಲ್ಲಿ 40 ಕಳೆದರೆ 123. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಅದನ್ನು 25ರ ವೇಗದಲ್ಲಿ ದಾಟಬಹುದು. ನಮ್ಮ ಊರುಗಳಲ್ಲಿ ಒಂದು ರಾತ್ರಿಯಲ್ಲಿ ಹುಟ್ಟಿಕೊಳ್ಳುವ ಹಂಪ್‌ಗಳಲ್ಲಿ ಎಷ್ಟು ಆ ಅಳತೆಗೆ ಇವೆ? ನಾಲ್ಕು ಜನ ಕೂತ ಮೇಲೆ ಹೊಟ್ಟೆ ಉಜ್ಜದೆ ಇರುತ್ತದೆಯೇ?

ಕಾನೂನನ್ನೂ ನೆನಪಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸ್ಪ್ರಿಂಗ್ ಬದಲಿಸಿದ್ದನ್ನು ವಿಮೆಯವರಿಗೆ ತಿಳಿಸದೆ ಇದ್ದು ಅಪಘಾತವಾದರೆ ಆಗ ಯಾರು ಏನು ಹೇಳುತ್ತಾರೆ ಎಂಬುದನ್ನೂ ಯೋಚಿಸಿ.

ಗೋಕುಲ ರಸ್ತೆ ಹಳಬ (ಹುಬ್ಬಳ್ಳಿ)

ಹಾವೇರಿಯವರ ಮಾತನ್ನು ತಳ್ಳಿಹಾಕಲಾರೆ. ನನ್ನ ಮಗ ತನ್ನ ಗಾಡಿ ತಗ್ಗಿಸುತ್ತೇನೆ ಎಂದರೆ ನಾನೂ ಬೈಯುತ್ತೇನೆ. ಆದರೆ ಇವರು ಈಗಾಗಲೇ ಮಾಡಿಕೊಂಡಿದ್ದಾರೆ, ಕೈಯಲ್ಲಿರುವ ಗಾಡಿಯನ್ನು ಸರಿಪಡಿಸುವ ಕ್ರಮ ಹೇಳಬೇಕಾದ್ದು ನಮ್ಮ ಕೆಲಸ.

ಸರ್, ಮೊದಲು ಎತ್ತರವನ್ನು ನಿರ್ಧರಿಸಿ. 40ರಲ್ಲೇ ಇರಬೇಕೇ, 25ಕ್ಕೆ ಬರಬೇಕೇ ಎಂಬುದು ತೀರ್ಮಾನವಾಗದೆ ಅಲೈನ್‌ಮೆಂಟ್‌ಗೆ ದುಡ್ಡು ಹಾಕಬೇಡಿ. ಬಲಗಡೆಯ 9 ಮಿ.ಮೀ. ಏಕೆ ಎಂದು ನೋಡಿ. ಸ್ಪ್ರಿಂಗ್ ತಟ್ಟೆಯ ಗುಳಿಯಲ್ಲಿ ಸರಿಯಾಗಿ ಕೂತಿಲ್ಲದೆ ಇರಬಹುದು. ತಗ್ಗಿನ ಸ್ಪ್ರಿಂಗ್‌ಗೆ ತಕ್ಕ ಗಿಡ್ಡ ಬಂಪ್ ಸ್ಟಾಪ್ ಹಾಕಿ. ಆರ್ಮ್‌ನ ಬುಶ್ ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿ, ನಾಲ್ಕೈದು ಸಲ ಕುಲುಕಿ, ಆ ಎತ್ತರದಲ್ಲೇ ಬಿಗಿಯಿರಿ. ಐನೂರು ಕಿ.ಮೀ. ಓಡಿಸಿ. ಅಲ್ಲಿಯವರೆಗೆ ಟೋವನ್ನು ಕಣ್ಣಳತೆಗೆ ಸರಿ ಇರಿಸಿಕೊಂಡರೆ ಸಾಕು.

ಬಳಿಕ ನಾಲ್ಕೂ ಚಕ್ರ ಅಳೆಯುವ ಯಂತ್ರಕ್ಕೆ ಹೋಗಿ, ಸೀಟಿನಲ್ಲಿ ನಿಮ್ಮ ತೂಕದಷ್ಟು ಭಾರ ಇರಿಸಿ. ಮೊದಲು ಹಿಂದಿನ ಚಕ್ರಗಳನ್ನು ಓದಿಸಿ. ಸ್ವಿಫ್ಟ್‌ನ ಹಿಂಭಾಗ ಒಂದೇ ತೊಲೆಯ ಟಾರ್ಷನ್ ಬೀಮ್ ಆದ್ದರಿಂದ ಎತ್ತರ ಇಳಿದರೂ ಅಲ್ಲಿ ಕ್ಯಾಂಬರ್, ಟೋ ಹೆಚ್ಚೇನೂ ಬದಲಾಗುವುದಿಲ್ಲ, ತಿರುಗಿಸಿ ಸರಿಪಡಿಸಲು ಬೋಲ್ಟೂ ಇಲ್ಲ. ಆದರೆ ಆ ತೊಲೆ ಓರೆಯಾಗಿದ್ದರೆ ಮುಂದೆ ಎಷ್ಟು ಸರಿ ಮಾಡಿದರೂ ಸ್ಟಿಯರಿಂಗ್ ಸೊಟ್ಟಗೆ ನಿಲ್ಲುತ್ತದೆ. ಆಮೇಲೆ ಮುಂದಿನ ಕ್ಯಾಂಬರ್. ಸ್ಟ್ರಟ್ ಮತ್ತು ನಕಲ್ (ಹಬ್ ಅನ್ನು ಹೊತ್ತಿರುವ ಲೋಹದ ಭಾಗ) ಸೇರುವಲ್ಲಿ ಎರಡು ಬೋಲ್ಟ್‌ಗಳಿವೆ. ಅವುಗಳಲ್ಲಿ ಒಂದರ ಬದಲು ಓರೆಗುಬ್ಬಿಯ ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು ಡಿಗ್ರಿಯಷ್ಟು ಸರಿಸಬಹುದು. ಅದರ ದಂಡ ಮೂಲ ಬೋಲ್ಟ್‌ಗಿಂತ ಸಣ್ಣದು, ಆದ್ದರಿಂದ ಟಾರ್ಕ್ ಪಾನಾದಿಂದಲೇ ಬಿಗಿಸಿ, ಮತ್ತೊಮ್ಮೆ ಪರೀಕ್ಷಿಸಿ. ಕಟ್ಟಕಡೆಗೆ ಟೋ. ಟೋ ಮಾಡಿ ಆದ ಮೇಲೆ ಯಾರಾದರೂ ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಕೆಡುತ್ತದೆ, ಆಗ ಪುನಃ ಮಾಡಬೇಕು.

ಸಪ್ತಾಪುರದವ (ಧಾರವಾಡ)

ಒಂದೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ನಡುವೆ ಉತ್ತರಿಸದೆ ಇದ್ದುದಕ್ಕೆ ಕ್ಷಮೆ ಇರಲಿ. ಕೆಲಸ ಮುಗಿಯದೆ ಬರೆಯಬಾರದು ಎಂದುಕೊಂಡೆ.

ಹಾವೇರಿಯವರ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ನೋಡಲು ಚೆನ್ನಾಗಿತ್ತು, ಅಷ್ಟೆ. ಗದಗಕ್ಕೆ ಮನೆಮಂದಿಯೊಂದಿಗೆ ಹೋಗಿಬಂದ ದಿನ ಅಮ್ಮ "ಇನ್ನ ನಿನ್ನ ಗಾಡ್ಯಾಗ ನಾ ಬರಂಗಿಲ್ಲಪಾ" ಎಂದಮೇಲೆ 25 ಮಿ.ಮೀ. ತಗ್ಗಿಸುವ ಸ್ಪ್ರಿಂಗ್‌ಗೆ ಬದಲಿಸಿದೆ. ಹಳೆಯದನ್ನು ಬಿಚ್ಚಿದಾಗ ಬಲಗಡೆಯ ಸ್ಪ್ರಿಂಗ್‌ನ ಕೊನೆ ಗುಳಿಗೆ ಸೇರದೆ ಒಂದು ಬೆರಳು ಆಚೆ ನಿಂತದ್ದು ಕಾಣಿಸಿತು. ಬುಶ್‌ಗಳಲ್ಲಿ ಎರಡು ಹರಿದಿದ್ದವು, ಎಲ್ಲವನ್ನೂ ಹೊಸದಾಗಿ ಹಾಕಿಸಿ ನೆಲದ ಮೇಲೆಯೇ ಬಿಗಿಸಿದೆ. ಹಬ್ ರಿಂಗ್ ಇರಲೇ ಇಲ್ಲ. ಹಾಕಿದ ದಿನದಿಂದ ನಡುಕ ಇಲ್ಲ. ಮೂಲ ರಿಮ್‌ನ ಒಳಗೆ ಅಚ್ಚಾದ ಅಂಕಿಗಳನ್ನು ಓದಿ ಲೆಕ್ಕ ಹಾಕಿ, ಅಲಾಯ್‌ಗಳನ್ನು ಮಾರಿ 6 ಇಂಚು ಅಗಲದ, ಆಫ್‌ಸೆಟ್ ಮೂಲಕ್ಕೆ ಹತ್ತಿರವಿರುವ ಜೋಡಿ ತಂದೆ. ಟೈರ್ ಅಳತೆ ಅದೇ.

ಬಿಚ್ಚುವ ಮೊದಲು ಒಮ್ಮೆ ಅಳೆಸಿದ್ದೆ: ಎಡ ಕ್ಯಾಂಬರ್ ಮೈನಸ್ 1.1, ಬಲ ಮೈನಸ್ 1.6 ಡಿಗ್ರಿ, ಎರಡೂ ಚಕ್ರ ಸೇರಿ ಟೋ 4 ಮಿ.ಮೀ. ಹೊರಕ್ಕೆ. ಮಾಸ್ತರರು ಉದಾಹರಣೆಗೆಂದು ಹಿಡಿದ ಅಂಕಿಯೇ ಯಂತ್ರದ ಪರದೆಯಲ್ಲಿ ಬಂದಾಗ ನಗು ಬಂತು. ಎಲ್ಲ ಮುಗಿದು 500 ಕಿ.ಮೀ. ಓಡಿಸಿದ ಮೇಲೆ ಎಡ ಮೈನಸ್ 0.7, ಬಲ ಮೈನಸ್ 0.8, ಟೋ ಒಟ್ಟು 1 ಮಿ.ಮೀ. ಒಳಕ್ಕೆ. ಸ್ಟಿಯರಿಂಗ್ ನೇರವಾಗಿದೆ. ತಗ್ಗು ಬದಲಾದ್ದರಿಂದ ಹೆಡ್‌ಲೈಟಿನ ಕೋನವನ್ನೂ ಗೋಡೆಯ ಮೇಲೆ ಗೆರೆ ಹಾಕಿ ಸರಿಪಡಿಸಿಕೊಂಡೆ. ವಿಮೆ ಕಂಪನಿಗೂ ಆರ್‌ಟಿಒಗೂ ಲಿಖಿತವಾಗಿ ಕೇಳಿದ್ದೇನೆ, ಉತ್ತರ ಬಂದಿಲ್ಲ. ಒಪ್ಪದಿದ್ದರೆ ಮೂಲ ಸ್ಪ್ರಿಂಗ್‌ಗಳು ಅಟ್ಟದ ಮೇಲೆ ಇವೆ.

ಗೋಕುಲ ರಸ್ತೆ ಹಳಬ (ಹುಬ್ಬಳ್ಳಿ)

ಒಳ್ಳೆಯದಾಯಿತು ಸರ್. ಇನ್ನೊಂದು ಸಾವಿರ ಕಿ.ಮೀ. ಆದ ಮೇಲೆ ಮತ್ತೆ ಕೈ ಸವರಿ ನೋಡಿ, ಎರಡೂ ದಿಕ್ಕಿಗೆ. ಕ್ಯಾಂಬರ್ ಬೋಲ್ಟ್‌ನ ತಲೆಯ ಮೇಲೆ ಬಣ್ಣದಿಂದ ಒಂದು ಗೆರೆ ಎಳೆದಿಡಿ. ಗೆರೆ ಜರುಗಿದ್ದು ಕಂಡರೆ ಬೋಲ್ಟ್ ತಿರುಗಿದೆ ಎಂದು ತಿಳಿದು ಕೂಡಲೇ ಬನ್ನಿ.